ಹಿತ್ತಿಲು ಸರಿ ಮಾಡಲು ಹೋಗಿ ಅಡುಗೆಮನೆಗೆ ನೀರು ನುಗ್ಗಿಸಿಕೊಂಡಿದ್ದೇನೆ. ಮುಂದೆ ಏನು ಮಾಡಲಿ?

ಗಿರಿನಗರದ ಹಿತ್ತಿಲು (ಮೇ ತಿಂಗಳು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮದು ಗಿರಿನಗರದಲ್ಲಿ ಮಾವನವರು ಕಟ್ಟಿಸಿದ ಹಳೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮನೆಯ ಹಿಂದೆ, ಉತ್ತರದ ಕಡೆ, 30 ಅಡಿ ಉದ್ದ 14 ಅಡಿ ಅಗಲದ ಹಿತ್ತಿಲಿದೆ. ಬೆಂಗಳೂರಲ್ಲಿ ಅಷ್ಟು ಮಣ್ಣು ಉಳಿದಿರುವುದೇ ಪುಣ್ಯ ಅಂತ ನೆಂಟರೆಲ್ಲ ಹೇಳುತ್ತಾರೆ. ಅವರು ಯಾರೂ ಹಿಂದಿನ ಬಾಗಿಲು ತೆಗೆದು ನೋಡಿಲ್ಲ. ಒಂದು ತೆಂಗಿನ ಮರ, ಒಗೆಯುವ ಕಲ್ಲು, ತುಳಸಿಕಟ್ಟೆ, ಒಂದು ಕರಿಬೇವು, ಒಂದು ಕೆಂಪು ದಾಸವಾಳ. ಉಳಿದದ್ದೆಲ್ಲ ಪಾರ್ಥೇನಿಯಂ. ಜೊತೆಗೆ ಎರಡು ವರ್ಷದ ಹಿಂದೆ ಬಚ್ಚಲುಮನೆ ಒಡೆಸಿದಾಗ ಬಿದ್ದ ಟೈಲ್ಸ್ ಚೂರು, ಗಾರೆ ಹೆಂಟೆ. ಆ ರಾಶಿಯ ತುದಿಯಲ್ಲಿ ಸಿಂಹಾಸನದ ಹಾಗೆ ಒಂದು ಹಳೇ ಕಮೋಡು.

ಗಾರ್ಡನ್ ಮಾಡಿಕೊಡುವವರೊಬ್ಬರನ್ನು ಕರೆಸಿದೆ. ಲಾನು, ಕಾರಂಜಿ, ಬಿಳಿ ಕಲ್ಲು ಅಂತ ಫೋನಿನಲ್ಲಿ ಫೋಟೋ ತೋರಿಸಿ 1 ಲಕ್ಷದ 80 ಸಾವಿರ ಅಂದರು. ನಾನು ಅಕೌಂಟ್ಸ್ ಕೆಲಸದವಳು. ಕಾಫಿ ಕೊಟ್ಟು ಕಳಿಸಿದೆ.

ನಾನೇ ಮಾಡುತ್ತೇನೆ ಅಂತ ಅವತ್ತೇ ತೀರ್ಮಾನಿಸಿದೆ. ತಿಂಗಳಿಗೆ 3,000 ರೂಪಾಯಿ ಮೀರುವಂತಿಲ್ಲ. ಭಾನುವಾರ ತಿಂಡಿ ಆದಮೇಲಿಂದ ಊಟದವರೆಗೆ ಮಾತ್ರ ಕೆಲಸ. ಅತ್ತೆಯ ಷರತ್ತು ಒಂದೇ: ಕರಿಬೇವು ಮುಟ್ಟಬಾರದು.

ಫೆಬ್ರುವರಿಯಲ್ಲಿ ಗಾರೆ ಎತ್ತಿದೆವು. 64 ಸಿಮೆಂಟ್ ಚೀಲ ಆಯಿತು, ಎಣಿಸಿದ್ದೇನೆ. ಪಕ್ಕದ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದವರು ಪಾಯದೊಳಗೆ ತುಂಬಲು ತೆಗೆದುಕೊಂಡು ಹೋದರು. ಒಂದು ಪೈಸೆ ಖರ್ಚಿಲ್ಲ. ಅಲ್ಲಿಂದ ನನಗೆ ಸ್ವಲ್ಪ ಧೈರ್ಯ ಜಾಸ್ತಿ ಬಂತು.

ಮುಂದಿನ ಕೆಲಸ ದಾರಿ. ಅಡುಗೆಮನೆ ಬಾಗಿಲಿಂದ ತೆಂಗಿನ ಮರದವರೆಗೆ 25 ಅಡಿ, ಎರಡಡಿ ಅಗಲ. ಒಡೆದ ಮನೆಯೊಂದರಿಂದ 180 ಹಳೇ ಇಟ್ಟಿಗೆ ತಂದೆ. ಮಣ್ಣನ್ನು ಸನಿಕೆಯಲ್ಲಿ ಸಮ ಮಾಡಿ, ಒಂದು ಅಡ್ಡ ಒಂದು ಉದ್ದ ಅಂತ ಮೂರು ಭಾನುವಾರ ಕೂತು ಜೋಡಿಸಿದೆ. ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದೆ, ಎಲ್ಲರೂ ಹೆಬ್ಬೆರಳು ಎತ್ತಿದರು.

ಹೋದ ವಾರ ಮಳೆ ಬಂತಲ್ವಾ. ಮುಕ್ಕಾಲು ಗಂಟೆ. ಹಿತ್ತಿಲಿನ ನೀರೆಲ್ಲ ನನ್ನ ಹೊಸ ದಾರಿ ಹಿಡಿದು ನೆಟ್ಟಗೆ ಅಡುಗೆಮನೆ ಹೊಸ್ತಿಲಿಗೆ ಬಂತು. ರಾಗಿ ಚೀಲದ ಬುಡ ಒದ್ದೆ. ಅತ್ತೆ ಏನೂ ಅನ್ನಲಿಲ್ಲ. ಮೊರ ತಂದು ರಾಗಿ ಹರಡಿಕೊಂಡು ಕೂತರು. ಬೈದಿದ್ದರೇ ವಾಸಿ ಇತ್ತು.

ಈಗ ಕೇಳುವುದು ಇಷ್ಟು. ದಾರಿ ಪೂರ್ತಿ ಕೀಳಬೇಕಾ? ಮಣ್ಣಿನಲ್ಲಿ ಇನ್ನೂ ಬಿಳಿ ಚೂರು ಕಾಣುತ್ತವೆ, ಅದರಲ್ಲಿ ಏನಾದರೂ ಬೆಳೆಯುತ್ತದಾ? ಟೊಮೆಟೊ, ಬದನೆ ಹಾಕಬೇಕು ಅಂತ ಆಸೆ.

ಕರಣೆ ಬಾಂಡ್ಲಿ

ಅಕ್ಕ, ನಮ್ಮಪ್ಪ ಮೇಸ್ತ್ರಿ. ನಾನು ಕಂಪ್ಯೂಟರ್ ಮುಂದೆ ಕೂರುವವನು, ಆದರೆ ರಜೆಯಲ್ಲಿ ಅವರ ಜೊತೆ ಹೋಗಿ ಬೈಸಿಕೊಂಡು ಕಲಿತದ್ದು ಸ್ವಲ್ಪ ಇದೆ.

ದಾರಿ ಕೀಳಲೇಬೇಕು. ಬೇಜಾರು ಮಾಡ್ಕೋಬೇಡಿ, ಸಿಮೆಂಟ್ ಹಾಕಿಲ್ಲವಲ್ಲ, ಇಟ್ಟಿಗೆ ಹಾಗೇ ಎದ್ದು ಬರುತ್ತದೆ. ಆದರೆ ಕೀಳುವ ಮೊದಲು ಮಟ್ಟ ನೋಡಿ. ಕಣ್ಣಂದಾಜು ಬೇಡ. ರಸಮಟ್ಟವೂ ಬೇಡ, ಅಷ್ಟು ದೂರಕ್ಕೆ ಅದು ಸಾಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಳಗಿನ ನೀರು ಕಾಣುವಂಥ ತೆಳು ಟ್ಯೂಬ್ 40 ಅಡಿ ತನ್ನಿ. ನೀರು ತುಂಬಿ. ಒಂದು ಚಿಟಿಕೆ ಕುಂಕುಮ ಹಾಕಿದರೆ ನೀರು ಚೆನ್ನಾಗಿ ಕಾಣುತ್ತದೆ. ಒಂದು ತುದಿ ಅಡುಗೆಮನೆ ಗೋಡೆಗೆ ಹಿಡಿಯಿರಿ, ಇನ್ನೊಂದು ತುದಿ ತೆಂಗಿನ ಮರದ ಹತ್ತಿರ ಕೋಲಿಗೆ ಕಟ್ಟಿ. ನೀರು ಎರಡು ಕಡೆಯೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಗೆ ಪೆನ್ಸಿಲ್ ಗೀಟು ಹಾಕಿ, ಗೀಟಿನಿಂದ ನೆಲಕ್ಕೆ ಟೇಪು ಹಿಡಿದು ಅಳೆಯಿರಿ. ಯಾವ ಕಡೆ ಅಳತೆ ಜಾಸ್ತಿ ಬರುತ್ತದೋ ಆ ಕಡೆ ತಗ್ಗು. ಟ್ಯೂಬಿನೊಳಗೆ ಒಂದು ಗಾಳಿಗುಳ್ಳೆ ಇದ್ದರೂ ಅಳತೆ ಸುಳ್ಳಾಗುತ್ತದೆ. ನಾನು ಒಮ್ಮೆ ಗುಳ್ಳೆ ನೋಡದೆ ಗೀಟು ಹಾಕಿ, ಅಪ್ಪ ಇಡೀ ದಿನ ಮಾತಾಡಿರಲಿಲ್ಲ.

ಗೋಡೆಯಿಂದ ಆಚೆಗೆ ಪ್ರತಿ ಐದಡಿಗೆ ಒಂದಿಂಚು ಇಳಿಜಾರು ಬರಬೇಕು. ಆರು ಇಂಚು ತೋಡಿ, ಕೆಳಗೆ ಎರಡಿಂಚು ಜಲ್ಲಿ ಹಾಕಿ ಗುದ್ದಿ ಗಟ್ಟಿ ಮಾಡಿ, ಮೇಲೆ ಒಂದಿಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಆಮೇಲೆ ಇಟ್ಟಿಗೆ. ಸಂದಿಗೂ ಮರಳೇ ಗುಡಿಸಿ. ಸಿಮೆಂಟ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ತಪ್ಪಾದರೆ ಮತ್ತೆ ಕೀಳುವುದಕ್ಕಾಗಲ್ಲ. ಇನ್ನೊಂದು, ತೋಡಿದ ಮಣ್ಣನ್ನು ಗೋಡೆಗೆ ಒರಗಿಸಿ ರಾಶಿ ಹಾಕಿದರೆ ಒಳಗೆ ತೇವ ಎದ್ದು ಬಣ್ಣ ಉದುರುತ್ತದೆ. ಕಾಂಪೌಂಡ್ ಕಡೆಗೆ ಹಾಕಿ.

ಕಮೋಡು ಎಸೆಯಬೇಡಿ, ಒಳ್ಳೇ ಕುಂಡ ಆಗುತ್ತದೆ!

ಸುಮ್ನೆ ಓದುವವ

ಇಷ್ಟೆಲ್ಲ ಯಾಕೆ? ಕಾಂಕ್ರೀಟ್ ಹಾಕಿಸಿ ನಾಲ್ಕು ಕುಂಡ ಇಡಿ. ಹಾವಿಲ್ಲ, ಸೊಳ್ಳೆ ಇಲ್ಲ.

ಗಿರಿನಗರದ ಹಿತ್ತಿಲು

ಆಗ ನೀರು ಎಲ್ಲಿಗೆ ಹೋಗುತ್ತದೆ ಸರ್? ನಮ್ಮ ರಾಗಿ ಚೀಲಕ್ಕೇ ತಾನೆ.

ಹನಿ ಲೆಕ್ಕ

ಮೇಡಂ, ಒಂದು ಪ್ರಶ್ನೆ. ತಾರಸಿಯ ಮಳೆನೀರಿನ ಪೈಪು ಎಲ್ಲಿ ಇಳಿಯುತ್ತದೆ? ನೀವು ಅದನ್ನು ಬರೆದೇ ಇಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಅಂದುಕೊಳ್ಳಿ. 20 ಮಿಲಿಮೀಟರ್ ಮಳೆಗೆ 2,000 ಲೀಟರ್. ಅದರಲ್ಲಿ ಅರ್ಧ ಹಿತ್ತಿಲಿಗೆ ಇಳಿದರೂ 1,000 ಲೀಟರ್ ಒಂದೇ ಮೂಲೆಗೆ ಸುರಿಯುತ್ತದೆ. ಬರೀ ಹಿತ್ತಿಲಿಗೆ ಬಿದ್ದ ಮಳೆಯಿಂದ ಹೊಸ್ತಿಲು ದಾಟುವಷ್ಟು ನೀರು ಬಂತು ಅಂದರೆ ನನಗೆ ನಂಬಿಕೆ ಇಲ್ಲ.

ಗಿರಿನಗರದ ಹಿತ್ತಿಲು

ಈಗ ತಾನೇ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ. ಪೈಪು ಕರಿಬೇವಿನ ಹಿಂದೆ ಇದೆ, ಅಡುಗೆಮನೆ ಬಾಗಿಲಿಂದ ನಾಲ್ಕಡಿ. ಈ ಮನೆಗೆ ಬಂದು 11 ವರ್ಷ, ಒಂದು ದಿನ ನೋಡಿರಲಿಲ್ಲ. ಕರಿಬೇವು ಅಷ್ಟು ಸೊಂಪಾಗಿ ಬೆಳೆದಿರುವುದು ಅತ್ತೆಯ ಹುಳಿಮಜ್ಜಿಗೆಯಿಂದ ಅಂತಲೇ ಮನೆಯಲ್ಲಿ ಎಲ್ಲರ ನಂಬಿಕೆ.

ಆದರೆ ಇಷ್ಟು ವರ್ಷ ನೀರು ಒಳಗೆ ಬಂದಿರಲಿಲ್ಲವಲ್ಲ?

ಕರಣೆ ಬಾಂಡ್ಲಿ

ಅಕ್ಕ, ಮೊದಲು ನೆಲ ಏರುಪೇರಾಗಿತ್ತು, ಕಳೆ ಇತ್ತು. ನೀರು ಅಲ್ಲಲ್ಲೇ ನಿಂತು ಇಂಗುತ್ತಿತ್ತು. ಆಮೇಲೆ ಗಾರೆ ರಾಶಿ ಅಡ್ಡ ಇತ್ತು. ನೀವು ಅದನ್ನು ತೆಗೆದು, ನೆಲ ಸಮ ಮಾಡಿ, ಮೂರು ವಾರ ತುಳಿದು ಗಟ್ಟಿ ಮಾಡಿ, ಇಟ್ಟಿಗೆಯ ಕಾಲುವೆಯನ್ನೇ ಕಟ್ಟಿಕೊಟ್ಟಿರಿ.

ಹನಿ ಲೆಕ್ಕ

ಅದೇ ನೀರನ್ನು ಹಿಡಿಯಿರಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆ ಅಲ್ವಾ. ಆ ಬೇಸಿಗೆಯಲ್ಲಿ ನಾನು ಅಕ್ಕಿ ತೊಳೆದ ನೀರಿನಲ್ಲಿ ಗಿಡ ಉಳಿಸಿದವನು. 200 ಲೀಟರಿನ ನೀಲಿ ಡ್ರಮ್ ಪೈಪಿನ ಕೆಳಗಿಡಿ, ಬಾಯಿಗೆ ಸೊಳ್ಳೆಪರದೆ ಬಿಗಿದು ಕಟ್ಟಿ. ಆದರೆ ಡ್ರಮ್ ಕೆಲವೇ ನಿಮಿಷದಲ್ಲಿ ತುಂಬುತ್ತದೆ. ಹೆಚ್ಚಾದ ನೀರಿಗೆ ದಾರಿ ಮಾಡಿದ ಮೇಲೇ ಡ್ರಮ್ ಇಡಿ. ಮೇಲ್ಭಾಗದಲ್ಲಿ ತೂತು ಮಾಡಿ ಪೈಪು ಜೋಡಿಸಿ ತೆಂಗಿನ ಪಾತಿಗೆ ಬಿಡಬಹುದು. ಬೇಸಿಗೆಯ ಮೊದಲ ಮಳೆಯ ನೀರು ಹಿಡಿಯಬೇಡಿ, ತಾರಸಿಯ ಧೂಳೆಲ್ಲ ಅದರಲ್ಲೇ ಇರುತ್ತದೆ. ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಇದೆ. ಫಿಲ್ಟರು, ಇಂಗುಗುಂಡಿ ಎಲ್ಲ ಕಣ್ಣಾರೆ ನೋಡಬಹುದು, ನಿಮಗೆ ದೂರವೇನಲ್ಲ.

ಚಕ್ರಮುನಿ

ನೀವು 'ಉತ್ತರದ ಕಡೆ' ಅಂದ ಕೂಡಲೇ ಅಯ್ಯೋ ಅನ್ನಿಸಿತು. ನಮ್ಮದೂ ಹಾಗೇ, ವಿದ್ಯಾರಣ್ಯಪುರದಲ್ಲಿ. ಮೇ ತಿಂಗಳ ಬಿಸಿಲು ನೋಡಿ ಹಿಗ್ಗಬೇಡಿ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಆಗ ಹಿತ್ತಿಲೆಲ್ಲ ಬಿಸಿಲು. ಡಿಸೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಚೆನ್ನಾಗಿ ವಾಲುತ್ತಾನೆ. 22 ಅಡಿ ಎತ್ತರದ ಮನೆಯ ನೆರಳು ಆಗ ಮಧ್ಯಾಹ್ನವೇ ಉತ್ತರಕ್ಕೆ ಸುಮಾರು 16 ಅಡಿ ಬೀಳುತ್ತದೆ. ನಿಮ್ಮ ಹಿತ್ತಿಲು 14 ಅಡಿ. ಲೆಕ್ಕ ಮಾಡುವವರು ನೀವು, ನಾನು ಹೇಳಬೇಕಾ? ನಮ್ಮ ಟೊಮೆಟೊ ನವೆಂಬರ್‌ನಲ್ಲಿ ಆರಡಿ ಎತ್ತರ ಹೋಯಿತು, ಹಣ್ಣು ನಾಲ್ಕು. ಟೊಮೆಟೊ, ಬದನೆ ತಾರಸಿಗೆ ಹೋಗಲಿ. ಕೆಳಗೆ ಅರಿಶಿನ, ಶುಂಠಿ, ಕೆಸು, ಒಂದೆಲಗ, ಚಕ್ರಮುನಿ ಸೊಪ್ಪು. ಇವು ಅರೆನೆರಳಿನಲ್ಲಿ ಗೊಣಗದೆ ಬೆಳೆಯುತ್ತವೆ.

ಬಿಳಿ ಚೂರಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ, ಸಿಮೆಂಟಿನ ಪೈಕಿ. ಅಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸರಿಯಾಗಿ ಸಿಗುವುದಿಲ್ಲ. ಚಿಗುರೆಲೆ ಹಳದಿ ಆಗುತ್ತದೆ, ನರ ಮಾತ್ರ ಹಸಿರಾಗಿರುತ್ತದೆ. ಜನ ಅದಕ್ಕೆ ರೋಗ ಅಂತ ಔಷಧಿ ಹೊಡೆಯುತ್ತಾರೆ. ಮೇಲಿನ ಅರ್ಧ ಅಡಿ ಮಣ್ಣನ್ನು ಜರಡಿ ಹಿಡಿಯಿರಿ, ಬೇರೆ ದಾರಿ ಇಲ್ಲ. ಆಮೇಲೆ ಕಿರಾಣಿ ಅಂಗಡಿಯ ಅಲಸಂದೆ ಕಾಳು ಕಾಲು ಕೆಜಿ ರಾತ್ರಿ ನೆನೆಸಿ ಎರಚಿ. ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತದೆ. ಆಗ ಕೊಚ್ಚಿ ಗೊಬ್ಬರವಾಗಿ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಬಿಡಿ. ಲೋಡುಗಟ್ಟಲೆ ಕೆಮ್ಮಣ್ಣು ತರಿಸುವ ದುಡ್ಡು ಉಳಿಯಿತು.

ಅಲ್ಲಿಯವರೆಗೆ ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳ ಕಡೆ ತಲೆ ಹಾಕಬೇಡಿ. ಆಗಸ್ಟ್ 15ಕ್ಕೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದರೂ ಕೈಬೀಸಿಕೊಂಡು ವಾಪಸ್ ಬನ್ನಿ. ನನ್ನಿಂದ ಆಗಲಿಲ್ಲ, ನಿಮ್ಮಿಂದಲಾದರೂ ಆಗಲಿ.

ಗಿರಿನಗರದ ಹಿತ್ತಿಲು (ಅಕ್ಟೋಬರ್)

ಐದು ತಿಂಗಳಾಯಿತು, ವರದಿ ಒಪ್ಪಿಸುತ್ತೇನೆ.

ಟ್ಯೂಬ್ ಹಿಡಿದು ನೋಡಿದರೆ ತೆಂಗಿನ ಕಡೆಗಿಂತ ಅಡುಗೆಮನೆ ಕಡೆಯೇ ಮೂರೂವರೆ ಇಂಚು ತಗ್ಗು. ಒಂದು ತುದಿ ನಾನು, ಇನ್ನೊಂದು ತುದಿ ಯಜಮಾನರು. 'ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ' ಅಂತ ಅರ್ಧ ಗಂಟೆ ಜಗಳ. ತೆಂಗಿನ ಕಡೆಯ ಮಣ್ಣು ತೆಗೆದು ಇಳಿಜಾರು ಮಾಡುವುದಕ್ಕೇ ಐದು ಭಾನುವಾರ ಹೋಯಿತು. ದಾರಿ ಮತ್ತೆ ಜೋಡಿಸಿದ್ದು ಎರಡೇ ಭಾನುವಾರದಲ್ಲಿ, ಕೈ ಪಳಗಿತ್ತು. ಟ್ಯೂಬು, ಜಲ್ಲಿ, ಎಂ-ಸ್ಯಾಂಡ್, ಹಳೇ ಡ್ರಮ್ಮು, ಪೈಪು ಎಲ್ಲ ಸೇರಿ 5,460 ರೂಪಾಯಿ. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬಾಗಿಲು ತೆಗೆದು ನಿಂತು ನೋಡಿದೆ. ನೀರು ದಾರಿಯ ಮೇಲೆ ತೆಳುವಾಗಿ ಹರಿದು ತೆಂಗಿನ ಪಾತಿಗೆ ಇಳಿಯಿತು. ರಾಗಿ ಚೀಲವನ್ನು ಅತ್ತೆ ಮೊದಲೇ ಸ್ಟೂಲಿನ ಮೇಲೆ ಎತ್ತಿಟ್ಟಿದ್ದರು, ಅದು ಬೇರೆ ವಿಷಯ.

ಅಲಸಂದೆಯದ್ದು ಪೂರ್ತಿ ನಡೆಯಲಿಲ್ಲ. ಹೂವು ಬಂದಾಗ ಕುಡುಗೋಲು ತೆಗೆದುಕೊಂಡರೆ ಅತ್ತೆ ಅಡ್ಡ ಬಂದರು. 'ಕಾಯಿ ಬಿಡೋ ಗಿಡ ಕೊಚ್ಚುತ್ತಾರೇನೇ?' ಕೊನೆಗೆ ಅರ್ಧ ಮಣ್ಣಿಗೆ, ಅರ್ಧ ಪಲ್ಯಕ್ಕೆ ಅಂತ ರಾಜಿ ಆಯಿತು. ಈಗ ಎರಡು ಭಾಗಕ್ಕೂ ದಂಟಿನ ಸೊಪ್ಪು ಹಾಕಿದ್ದೇವೆ. ಕೊಚ್ಚಿ ಸೇರಿಸಿದ ಕಡೆ ಎಲೆ ಅಂಗೈ ಅಗಲ. ಅತ್ತೆ ಅದನ್ನು ನೋಡುತ್ತಾರೆ, ಮಾತಾಡುವುದಿಲ್ಲ.

ಆಗಸ್ಟ್‌ನಲ್ಲಿ ಬಸವನಹುಳುವಿನ ಕಾಟ. ಆ ದೊಡ್ಡ ಆಫ್ರಿಕನ್ ಜಾತಿಯದು. ಬಸಳೆ ಸಸಿ ಒಂದೇ ರಾತ್ರಿಗೆ ಕಡ್ಡಿ. ರಾತ್ರಿ ಒಂಬತ್ತಕ್ಕೆ ಟಾರ್ಚು, ಗ್ಲೌಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆವು. ಮೊದಲ ರಾತ್ರಿ 43, ವಾರ ಕಳೆದ ಮೇಲೆ ದಿನಕ್ಕೆ ಎರಡೋ ಮೂರೋ. ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಹುಳ ಇರಬಹುದು.

ಚಕ್ರಮುನಿಯವರೇ, ಈಗಲೇ ನೆರಳು ಅರ್ಧ ಹಿತ್ತಿಲಿಗೆ ಬಂದಿದೆ. ನೀವು ಹೇಳದಿದ್ದರೆ ಟೊಮೆಟೊ ಹಾಕಿ ಅಳುತ್ತಿದ್ದೆ. ಮುಂದಿನ ಕೆಲಸ, ತೆಂಗಿನ ಮರದ ಕೆಳಗೆ ಒಂದು ಕಲ್ಲುಬೆಂಚು. ಚಪ್ಪಡಿ ಎಲ್ಲಿ ಅಗ್ಗಕ್ಕೆ ಸಿಗುತ್ತದೆ?

ಚಕ್ರಮುನಿ

ತೆಂಗಿನ ಕೆಳಗೆ ಬೆಂಚಾ? ಗರಿ ಬೀಳುತ್ತೆ, ಕಾಯಿ ಬೀಳುತ್ತೆ. ಅಲ್ಲಿ ಅರಿಶಿನ ಕೂರಲಿ, ನೀವು ಬೇಡ.

ಗಿರಿನಗರದ ಹಿತ್ತಿಲು

ಅದೂ ಸರಿ. ಒಗೆಯುವ ಕಲ್ಲು ಖಾಲಿ ಇದೆ, ಅತ್ತೆ ಹೇಗೂ ಸಂಜೆ ಅದರ ಮೇಲೇ ಕೂತು ಸೊಪ್ಪು ಬಿಡಿಸುತ್ತಾರೆ. ಬೆಂಚಿನ ದುಡ್ಡು ಉಳಿಯಿತು.

ಕರಣೆ ಬಾಂಡ್ಲಿ

ಎಲ್ಲ ಸರಿ ಅಕ್ಕ, ಕಮೋಡು ಏನಾಯ್ತು?

ಗಿರಿನಗರದ ಹಿತ್ತಿಲು

ನಿಮ್ಮ ಮಾತು ಕೇಳಿ ಅದರಲ್ಲಿ ದೊಡ್ಡಪತ್ರೆ ಹಾಕಿದೆ. ಹಿತ್ತಿಲಲ್ಲೆಲ್ಲ ಚೆನ್ನಾಗಿ ಬಂದಿರುವುದು ಅದೊಂದೇ. ಆ ಎಲೆಯ ತಂಬುಳಿಯನ್ನು ಮಾತ್ರ ಮನೆಯಲ್ಲಿ ಯಾರೂ ತಿನ್ನಲು ಒಪ್ಪುತ್ತಿಲ್ಲ.