ಮರು: 'ಡ್ರೈವ್ ಮಾಡೋಕೆ ಕಷ್ಟ'ವಾದ ಸ್ಪೀಕರ್‌ಗೆ ಕನ್ನಡದಲ್ಲಿ ಏನನ್ನೋಣ?

ಆಂಪ್ಲಿಫೈಯರ್ (ಸ್ಪೀಕರ್‌ಗೆ ಕರೆಂಟ್ ಕೊಟ್ಟು ನಡೆಸುವ ಪೆಟ್ಟಿಗೆ) ನಡೆಸಲು ಒದ್ದಾಡುವಂಥ ಸ್ಪೀಕರ್‌ಗೆ 'ಡ್ರೈವ್ ಮಾಡೋಕೆ ಕಷ್ಟ' ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ಯಾವ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್ ಹೊಂದುತ್ತದೆ ಅಂತ ತಿಳಿಸುವ ನಿಮ್ಮ ಅಂಗಡಿಯ ಹಾಳೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಅದಕ್ಕೇ ಉತ್ತರ ಮೊದಲು. 'ಎಳೆಯಲು ಕಷ್ಟವಾದ ಸ್ಪೀಕರ್' ಅಂತ ಹಾಕಿ.

ಇಲ್ಲಿ ಕೆಲವರು ಸೂಚಿಸಿದ 'ದುಶ್ಚಾಲ್ಯ (ನಡೆಸಲು ಕಷ್ಟವಾದ) ಧ್ವನಿವರ್ಧಕ' ಖಂಡಿತ ಬೇಡ. ಧ್ವನಿವರ್ಧಕ ಎಂಬ ಪದವೇ ತಪ್ಪು ಕಡೆ ಕೂತಿದೆ. ವರ್ಧಿಸುವುದು ಅಂದರೆ ಹೆಚ್ಚಿಸುವುದು, ಆ ಕೆಲಸ ಆಂಪ್ಲಿಫೈಯರ್‌ದು. ಸ್ಪೀಕರ್ ಬಂದ ಕರೆಂಟನ್ನು ಸದ್ದಾಗಿಸುತ್ತದೆ, ಅಷ್ಟೇ. ಪೊಲೀಸರ ಆದೇಶದಲ್ಲಿ ಧ್ವನಿವರ್ಧಕ ಅಂದರೆ ಇಡೀ ಮೈಕ್ ಸೆಟ್ಟು, ಅಲ್ಲಿ ನಡೆಯುತ್ತದೆ. ನಿಮ್ಮ ಹಾಳೆಯಲ್ಲಿ ಒಂದಕ್ಕೆ ಇನ್ನೊಂದನ್ನು ಹೊಂದಿಸುವುದೇ ವಿಷಯ, ಅಲ್ವಾ? 'ಧ್ವನಿವರ್ಧಕಕ್ಕೆ ತಕ್ಕ ವರ್ಧಕ' ಅಂದರೆ ಗಿರಾಕಿಗೆ ಏನು ತಿಳಿಯಬೇಕು?

'ಎಳೆ' ನನ್ನ ಸೃಷ್ಟಿಯಲ್ಲ. ನಮ್ಮ ಮನೆಯ ಹಳೆ ಆಂಪ್ಲಿಫೈಯರ್‌ಗೆ 4 ಓಮ್ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರ್ ಕಟ್ಟಿದಾಗ ಅದು ಬಿಸಿಯಾಗಿ, ಸೌಂಡ್ ಸ್ವಲ್ಪ ಜಾಸ್ತಿ ಮಾಡಿದರೆ ಆಫ್ ಆಗುತ್ತಿತ್ತು. ರಿಪೇರಿಯವರು ಆಂಪ್ಲಿಫೈಯರ್‌ನ ಹಿಂಬದಿಯ ಬರಹ ಓದಿ "ಇದು ಅದನ್ನ ಎಳೆಯಲ್ಲ ಸಾರ್" ಅಂದರು. ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಪಂಪು ನೀರು ಎಳೆಯುವುದಿಲ್ಲ ಅನ್ನುತ್ತೇವಲ್ಲ, ಅದೇ ಮಾತು. ಇದು 'ಎಳೆಯ ಮಗು'ವನ್ನು ನೆನಪಿಸುತ್ತದೆ ಅಂತ ಬರೆದವರು ದಯವಿಟ್ಟು ನಿಘಂಟು ತೆಗೆಯಿರಿ. ಎಳೆಯುವುದು ಹಳಗನ್ನಡದಲ್ಲಿ 'ಎೞೆ', ತಮಿಳಿನ 'ಇೞು'ವಿನ ನಂಟು. ಮಗುವಿನ 'ಎಳೆ'ಯಲ್ಲಿ ಮೊದಲಿನಿಂದಲೂ ಇದ್ದದ್ದು ಳ. ೞ ಅಕ್ಷರ ಬಳಕೆಯಿಂದ ಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ.

ಆದರೆ ಇದೊಂದೇ ಪದ ಸಾಲದು, ಏಕೆಂದರೆ ಕಷ್ಟ ಎರಡು ಬಗೆಯದು. ಒಂದು, ಓಮ್ ಕಡಿಮೆ ಇರುವುದು. ಅದೇ ವೋಲ್ಟೇಜಿಗೆ 8 ಓಮ್‌ಗಿಂತ 4 ಓಮ್ ಸ್ಪೀಕರ್ ಎರಡರಷ್ಟು ಕರೆಂಟ್ ಎಳೆಯುತ್ತದೆ. ಡಬ್ಬದ ಹಿಂದೆ 8 ಅಂತ ಇದ್ದರೂ ಕೆಲವು ಸ್ವರಗಳಲ್ಲಿ 3ಕ್ಕೆ ಇಳಿಯುವುದುಂಟು, ಅದನ್ನೂ ತಾಳುವ ಆಂಪ್ಲಿಫೈಯರ್ ಬೇಕು. ಇನ್ನೊಂದು, ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟೇ ವಾಟ್‌ಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಡೆಸಿಬೆಲ್ ಲೆಕ್ಕ, ಕಡಿಮೆ ಇರುವುದು. 90 ಡೆಸಿಬೆಲ್‌ನ ಸ್ಪೀಕರ್‌ಗೆ 20 ವಾಟ್ ಸಾಕಾದ ಕಡೆ 84ರದ್ದಕ್ಕೆ 80 ವಾಟ್ ಬೇಕು. ಬಿಬಿಸಿ 1970ರ ದಶಕದಲ್ಲಿ ರೂಪಿಸಿದ ಪುಟ್ಟ ಎಲ್‌ಎಸ್3/5ಎ ಸ್ಪೀಕರ್ ನೋಡಿ. ಸೆನ್ಸಿಟಿವಿಟಿ ತೀರಾ ಕಡಿಮೆ, ಆದರೆ ಮೊದಲ ಮಾದರಿಯದು 15 ಓಮ್, ಕರೆಂಟಿನ ಕಾಟ ಇಲ್ಲ. ಹಾಗಾಗಿ ಮೊದಲನೆಯದಕ್ಕೆ 'ಕರೆಂಟ್ ಜಾಸ್ತಿ ಎಳೆಯುವ', ಎರಡನೆಯದಕ್ಕೆ 'ವಾಟ್ ಜಾಸ್ತಿ ಬೇಡುವ' ಅಂತ ಬಿಡಿಸಿ ಬರೆಯಿರಿ. 'ಸೂಕ್ಷ್ಮತೆ ಕಡಿಮೆ' ಅನ್ನಬೇಡಿ. ಸೂಕ್ಷ್ಮ ಅಂದರೆ ನಾಜೂಕು ಅಂತ ತಿಳಿದು, ಸೂಕ್ಷ್ಮತೆ ಕಡಿಮೆ ಇದ್ದದ್ದು ಗಟ್ಟಿಮುಟ್ಟು ಅಂದುಕೊಂಡು ಅದನ್ನೇ ಕೊಂಡುಬಿಡುತ್ತಾರೆ.

ಇನ್ನು 'ಸ್ಪೀಕರ್, ಓಮ್, ವಾಟ್ ಎಲ್ಲ ಇಂಗ್ಲಿಷ್, ನಾಚಿಕೆ ಆಗಲ್ವಾ' ಅಂತ ಕೇಳಿದವರಿಗೆ ಉತ್ತರ. ಆಗುವುದಿಲ್ಲ. ಓಮ್ ಒಬ್ಬ ಜರ್ಮನ್ ವಿಜ್ಞಾನಿಯ ಹೆಸರು, ವಾಟ್ ಸ್ಕಾಟ್ಲೆಂಡಿನವನ ಹೆಸರು, ಹೆಸರನ್ನು ಅನುವಾದಿಸುವುದು ಹೇಗೆ? ಕುರ್ಚಿ ಅರಬ್ಬಿಯಿಂದ ಬಂತು, ಅದರ ಮೇಲೆ ಕೂತೇ ನೀವು ಸಂಸ್ಕೃತದ 'ದುಶ್ಚಾಲ್ಯ'ವನ್ನು ಶುದ್ಧ ಕನ್ನಡ ಅನ್ನುತ್ತಿದ್ದೀರಿ. ಸಂಸ್ಕೃತದ ಸಾಲ ಸಾಲವಲ್ಲ, ಇಂಗ್ಲಿಷಿನದು ಮಾತ್ರ ಸಾಲ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನನಗೆ ಮುಖ್ಯ ಕ್ರಿಯಾಪದ. ಹೆಸರುಗಳು ಹೊರಗಿನಿಂದ ಬರಲಿ, ಎಳೆಯುವುದು, ತಾಳುವುದು, ಬೇಡುವುದು ನಮ್ಮದೇ ಇರಲಿ. 'ಡ್ರೈವ್ ಮಾಡು' ಅಂತ ಬರೆದಾಗಲೇ ನನಗೆ ನಿಜವಾಗಿ ಸಂಕಟ.

ಹಾಳೆಯ ಕರಡನ್ನು ಇವತ್ತು ರಾತ್ರಿಯೊಳಗೆ ಕಳಿಸಿದರೆ ನೋಡಿಕೊಡುತ್ತೇನೆ. ಪ್ರತಿ ಸ್ಪೀಕರ್‌ನ ಓಮ್ ಎಲ್ಲಿಯವರೆಗೆ ಇಳಿಯುತ್ತದೆ ಎಂಬ ಅಂಕಿಯನ್ನೂ ಸೇರಿಸಿ.