ಕೋಡಿಂಗ್ ಈಗಷ್ಟೇ ಶುರು ಮಾಡಿದವರಿಗೆ: ಮೇಷ್ಟ್ರನ್ನು ಕೇಳಿ

ಬಿಕಾಂ ಹುಡುಗ, ತುಮಕೂರು: ಸರ್, ಮೊದಲು ಯಾವ ಲ್ಯಾಂಗ್ವೇಜ್ ಕಲೀಬೇಕು?

ಮೇಷ್ಟ್ರು: ಪೈಥಾನ್.

ಒಬ್ಬ ತಾಯಿ, ಮೈಸೂರು: ಮಗಳಿಗೆ ಲ್ಯಾಪ್‌ಟಾಪ್ ತಗೋಬೇಕು. 4 ಜಿಬಿ ರ್‍ಯಾಮ್ ಸಾಕಾ?

ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ: ಸರ್, ಸಿ ಪ್ರೋಗ್ರಾಂನಲ್ಲಿ 200ನ್ನು 200ರಿಂದ ಗುಣಿಸಿದೆ. ಮೊಬೈಲ್‌ನಲ್ಲಿ 40000 ಬಂತು. ಲ್ಯಾಬ್‌ನಲ್ಲಿ ಅದೇ ಕೋಡಿಗೆ -25536! ಲ್ಯಾಬ್‌ನವರು 'ಬೇರೆ ನಂಬರ್ ಹಾಕು' ಅಂದರು. ತಪ್ಪು ನನ್ನದಾ?

ಮೇಷ್ಟ್ರು: ಲ್ಯಾಬ್‌ನಲ್ಲಿ ನೀಲಿ ಪರದೆಯ ಟರ್ಬೋ ಸಿ ಇದೆ, ಅಲ್ವಾ? ಅದು ಸಿ ಕೋಡನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವ ಹಳೇ ಕಂಪೈಲರ್. ಅದು 16 ಬಿಟ್ ಕಾಲದ್ದು. ಅದರಲ್ಲಿ ಇಂಟ್‌ಗೆ, ಅಂದರೆ ಪೂರ್ಣಸಂಖ್ಯೆ ಇಡುವ ವೇರಿಯೇಬಲ್‌ಗೆ, ಸಿಗೋದು 2 ಬೈಟ್ ಜಾಗ. ಅಷ್ಟರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32767. ಅದನ್ನು ದಾಟಿದರೆ ಹಳೇ ಸ್ಕೂಟರಿನ ಕಿಲೋಮೀಟರ್ ಅಂಕಿ ಹಾಗೆ ಸುತ್ತು ಹೊಡೆಯುತ್ತದೆ. ಆದರೆ ಸೊನ್ನೆಗೆ ಬರಲ್ಲ, -32768ಕ್ಕೆ ಬಿದ್ದು ಅಲ್ಲಿಂದ ಮೇಲೇರುತ್ತದೆ. ಒಂದು ಪೂರ್ತಿ ಸುತ್ತು ಅಂದರೆ 65536. 40000ದಲ್ಲಿ ಅದನ್ನು ಕಳೆದು ನೋಡಿ. ನಿಮ್ಮ ಉತ್ತರವೇ ಸಿಗುತ್ತದೆ. ಮೊಬೈಲ್‌ನಲ್ಲಿ ಇಂಟ್‌ಗೆ 4 ಬೈಟ್, 214 ಕೋಟಿವರೆಗೂ ತೊಂದರೆ ಇಲ್ಲ. ಲ್ಯಾಬ್‌ನಲ್ಲಿ ಇಂಟ್ ಬದಲು ಹೆಚ್ಚು ಜಾಗ ಇರುವ ಲಾಂಗ್ ಬಳಸಿ. ಉತ್ತರ ಇಡುವ ವೇರಿಯೇಬಲ್ ಒಂದನ್ನೇ ಲಾಂಗ್ ಮಾಡಿದರೆ ಸಾಲದು. ಗುಣಾಕಾರ ಅಷ್ಟರಲ್ಲಿ ಇಂಟ್‌ನಲ್ಲೇ ಕೆಟ್ಟಿರುತ್ತದೆ. ಗುಣಿಸುವ ಸಂಖ್ಯೆಗಳೂ ಲಾಂಗ್ ಆಗಲಿ. ಸುಮ್ನೆ ನಂಬರ್ ಬದಲಿಸಬೇಡಿ.

ದಾವಣಗೆರೆಯಿಂದ: ಫಾರ್ವರ್ಡ್ ಬಂದಿದೆ. '100 ಪ್ರೋಗ್ರಾಂ ಬಾಯಿಪಾಠ ಮಾಡಿ, 30 ದಿನದಲ್ಲಿ ಕೆಲಸ ಗ್ಯಾರಂಟಿ. ಹತ್ತು ಗುಂಪಿಗೆ ಕಳಿಸಿ.'

ಮೇಷ್ಟ್ರು: ಈ ವಾರ ಇದು ಮೂರನೇ ಸಲ. ಬಾಯಿಪಾಠದವರಿಗೆ ವೈವಾದಲ್ಲಿ '5 ಸಂಖ್ಯೆ ಬದಲು 6ಕ್ಕೆ ಮಾಡು' ಅಂದರೆ ಸಾಕು, ಬೆವರುತ್ತಾರೆ. ಆ ಫಾರ್ವರ್ಡ್‌ನ ಕೆಳಗಿರುವ ಲಿಂಕ್ ಯಾರೂ ಒತ್ತಬೇಡಿ. ದುಡ್ಡಂತೂ ಕಟ್ಟಲೇಬೇಡಿ.

ಎಂಜಿನಿಯರ್, ಬೆಂಗಳೂರು: ಪೈಥಾನ್ ಸೋಮಾರಿಗಳ ಭಾಷೆ. ನಾವೆಲ್ಲ ಸಿ ಇಂದಲೇ ಶುರು ಮಾಡಿದ್ದು.

ಶಿಕ್ಷಕಿ, ಶಿರಸಿ: ನಮ್ಮ ಮಕ್ಕಳು ಸಿ ಅಂದರೆ ಸೆಮಿಕೋಲನ್ ಹುಡುಕೋದ್ರಲ್ಲೇ ಪೀರಿಯಡ್ ಮುಗಿಸ್ತಿದ್ರು. ಪೈಥಾನ್‌ನಲ್ಲಿ ಮೊದಲ ದಿನವೇ ಮಗ್ಗಿ ಪ್ರಿಂಟ್ ಮಾಡಿದರು.

ಎಂಜಿನಿಯರ್: ಮಗ್ಗಿಯಿಂದ ಮೆಮೊರಿ ಅರ್ಥ ಆಗುತ್ತಾ?

ಶಿಕ್ಷಕಿ: ನಿಮ್ಮ ಸಿ ಕೊಟ್ಟ ಮೈನಸ್ 25 ಸಾವಿರ ಮೇಲೆ ನೋಡಿದೆವಲ್ಲ!

ಎಂಜಿನಿಯರ್: ಹಳೇದಾಗಿರೋದು ಕಂಪೈಲರ್, ಭಾಷೆ ಅಲ್ಲ ಮೇಡಂ. ಓದಿ ಮಾತಾಡಿ.

ಶಿಕ್ಷಕಿ: ಓದೋದು ಹೇಗೆ ಅಂತ ನೀವು ನನಗೆ ಹೇಳಿಕೊಡಬೇಡಿ.

ಕನ್ನಡ ಮೀಡಿಯಂ, ಕೊಪ್ಪಳ: ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಆಗುತ್ತಾ ಸರ್?

ಮೇಷ್ಟ್ರು: ಆಗುತ್ತೆ. ಪೈಥಾನ್ 3ರಲ್ಲಿ 'ಮೊತ್ತ' ಅಂತ ಕನ್ನಡದಲ್ಲೇ ವೇರಿಯೇಬಲ್‌ಗೆ ಹೆಸರಿಡಬಹುದು. ಎರರ್ ಮಾತ್ರ ಇಂಗ್ಲಿಷಲ್ಲೇ ಬರುತ್ತದೆ. ಅದರ ಕೊನೇ ಸಾಲು ಮೊದಲು ಓದಿ.

ಪಿಯುಸಿ, ಮಂಡ್ಯ: ಸರ್ ಮೊದಲು ಯಾವ ಲ್ಯಾಂಗ್ವೇಜ್?

ಮೇಷ್ಟ್ರು: ಮೇಲೆ ನೋಡಿ.

ಹಾಸನ: ಸರ್, ಎಲ್ಲಾ ಲಾಂಗ್ ಮಾಡಿದೆ. ಇನ್ನೂ -25536 ಬರ್ತಿದೆ.

ಮೇಷ್ಟ್ರು: ಉತ್ತರ ತೋರಿಸುವ ಪ್ರಿಂಟ್‌ಎಫ್‌ನಲ್ಲಿ ಇಂಟ್‌ಗೆ ಹಾಕುವ ಹಳೇ ಡಿ (%d) ಹಾಗೇ ಬಿಟ್ಟಿರಬೇಕು. ಲಾಂಗ್‌ಗೆ ಎಲ್‌ಡಿ (%ld) ಮಾಡಿ. ಇದನ್ನು ಹೇಳೋದು ನಾನೇ ಮರೆತೆ.

ಹಾಸನ: 40000 ಬಂತು ಸರ್!!

ಮೈಸೂರು: 4 ಜಿಬಿ ಸಾಕಾ ಅಂತ ಕೇಳಿದ್ದೆ...