ಸಹಾಯ ಬೇಕು: ಅಜ್ಜಿಯ ಧಾರಾವಾಹಿ, ಮಗುವಿನ ಟಿವಿ ಸಮಯ

ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮಗಳಿಗೆ 3 ವರ್ಷ. ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಾರ್ಟೂನ್ ಅರ್ಧ ಗಂಟೆಗೆ ಇಳಿಸಿದ್ದೇವೆ. ಊಟದ ಹೊತ್ತಿಗೆ ಟಿವಿ ಆಫ್. ಮೊದಲು ರಂಪ ಮಾಡಿದಳು, ಈಗ ಸುಮ್ನೆ ತಿನ್ನುತ್ತಾಳೆ.

ಕಷ್ಟ ಸಂಜೆಯದು. ಅತ್ತೆಯವರು ಕನ್ನಡ ಧಾರಾವಾಹಿ ನೋಡುತ್ತಾರೆ. ಹೊರಗೆಲ್ಲ ಮರಾಠಿ, ಹಿಂದಿ. ಅವರಿಗಿರುವ ಜೊತೆ ಅದೊಂದೇ ಅಲ್ವಾ? ನಿಲ್ಲಿಸಿ ಅನ್ನಲು ನನಗೆ ಮನಸ್ಸಿಲ್ಲ. ಮಗಳು ಅಲ್ಲೇ ಆಡುತ್ತಾಳೆ, ಆದರೆ ಜಗಳ, ಅಳುವಿನ ದೃಶ್ಯ ಬಂದರೆ ಆಟ ಬಿಟ್ಟು ನೋಡುತ್ತಾ ನಿಲ್ಲುತ್ತಾಳೆ. ಇಯರ್‌ಫೋನ್ ಕೊಟ್ಟೆವು, ಅತ್ತೆಯವರಿಗೆ ಕಿವಿ ನೋವು ಬಂತು. ಇರುವುದು ಒಂದೇ ಹಾಲ್.

ಹೀಗೆ ಪಕ್ಕದಲ್ಲಿ ಓಡುವ ಟಿವಿಯನ್ನೂ ಆ 1 ಗಂಟೆಯಲ್ಲಿ ಲೆಕ್ಕ ಹಾಕಬೇಕಾ? ಅತ್ತೆಯವರಿಗೆ ನೋವಾಗದಂತೆ ಆ ಹೊತ್ತಲ್ಲಿ ಮಗುವನ್ನು ನೀವು ಹೇಗೆ ಸಂಭಾಳಿಸಿದಿರಿ?